'ಪೊರೆ ತೆಳುವಾಗಿದೆ': ಈ ಮಾತಿಗೆ ಬದಲಿ ಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಕೆರಟೋಕೋನಸ್ ಎಂಬ ಕಣ್ಣಿನ ತೊಂದರೆಯ ಬಗ್ಗೆ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಕಣ್ಣಿನ ಮುಂದಿನ ತಿಳಿಯಾದ ಹೊದಿಕೆ, ಅಂದರೆ ಕಾರ್ನಿಯಾ, ತೆಳುವಾಗಿ ಮುಂದಕ್ಕೆ ಚೂಪಾಗುವ ತೊಂದರೆ ಇದು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರೊಬ್ಬರು ಗದಗ, ಹಾವೇರಿ ಕಡೆಯಿಂದ ಬರುವವರಿಗೆ ಕೊಡಲು ಕೇಳಿದ್ದಾರೆ. ಬರೆಯಲು ಕೂತರೆ ಒಂದೊಂದು ಪದವೂ ತಡೆಯುತ್ತಿದೆ. ನಿಮ್ಮ ಸಹಾಯ ಬೇಕು.

ಮೊದಲು ಇದು ನನಗೆ ಏಕೆ ಮುಖ್ಯ ಎಂದು ಹೇಳುತ್ತೇನೆ. ನನ್ನ ಅಕ್ಕನ ಮಗನಿಗೆ ಹತ್ತೊಂಬತ್ತು ವರ್ಷ. ಶಿಗ್ಗಾಂವಿ ಕಡೆಯವರು. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿತ್ತು ಅಂತ ಒಂದು ಕಡೆ ತೋರಿಸಿದೆವು. ನಾನು ಔಷಧಿ ತರಲು ಸಾಲಿನಲ್ಲಿ ನಿಂತಿದ್ದೆ. ಆಗ ತಪಾಸಣೆ ಮಾಡಿದವರು ಬಂದು, "ಪೊರೆ ಬಹಳ ತೆಳುವಾಗಿದೆ, ಬೇಗ ಬನ್ನಿ" ಎಂದರಂತೆ. ಜೊತೆಗಿದ್ದ ನಮ್ಮ ಅವ್ವ, "ತೆಳ್ಳಗ ಐತಿ ಅಂದ್ರ ಚಲೋನ ಆತಲ್ಲ, ಇನ್ನೂ ಬಲಿತಿಲ್ಲ" ಎಂದಳು. ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಅವಳಿಗೆ ಪೊರೆ ಎಂದರೆ ಮೋತಿಬಿಂದು. ಅದು ತೆಳುವಾಗಿದ್ದಷ್ಟೂ ಒಳ್ಳೆಯದು, ಬಲಿತರೆ ಆಪರೇಷನ್. ತಪಾಸಣೆ ಮಾಡಿದವರು ಹೇಳಿದ್ದು ಮಾತ್ರ ಕಾರ್ನಿಯಾದ ಮಾತು. ಅಕ್ಕನೂ ಅದನ್ನೇ ನಂಬಿ ಸುಮ್ನೆ ಊರಿಗೆ ಹೋದಳು. ಮತ್ತೆ ಬಂದದ್ದು ಐದು ತಿಂಗಳ ಮೇಲೆ. ಅಷ್ಟರಲ್ಲಿ ಹುಡುಗನ ಕಾರ್ನಿಯಾ ಇನ್ನಷ್ಟು ತೆಳುವಾಗಿತ್ತು. ಒಂದು ಪದ ಸರಿಯಾಗಿದ್ದಿದ್ದರೆ ಆ ಐದು ತಿಂಗಳು ಉಳಿಯುತ್ತಿತ್ತು.

ಹಾಗಾಗಿ ಮೊದಲ ಪ್ರಶ್ನೆ ಕಾರ್ನಿಯಾದ್ದೇ. ಕಣ್ಣಿನ ಕರಿ ಭಾಗದ ಮುಂದೆ, ಗಡಿಯಾರದ ಗಾಜಿನ ಹಾಗೆ ಕೂತಿರುವ ತಿಳಿಯಾದ ಹೊದಿಕೆ ಅದು. 'ಪೊರೆ' ಎನ್ನುವ ಹಾಗಿಲ್ಲ, ಕಾರಣ ಮೇಲೆ ಹೇಳಿದೆ. 'ಪಾರದರ್ಶಕ ಪಟಲ' ಶಾಲೆಯ ಪುಸ್ತಕದ ಮಾತು, ಅಕ್ಕನ ಬಾಯಲ್ಲಿ ಹೊರಳುವುದಿಲ್ಲ. 'ಗಾಜು' ಎಂದರೆ ಒಡೆಯುತ್ತದೆ ಎಂಬ ಹೆದರಿಕೆ. ಲ್ಯಾಟಿನ್‌ನಲ್ಲಿ ಕಾರ್ನಿಯಾ ಎನ್ನುವುದು ಕೋಡು ಎಂಬ ಅರ್ಥದ ಮಾತಿನಿಂದ ಬಂದದ್ದು. ಕೆರಟೋಕೋನಸ್ ಎಂಬ ಹೆಸರಿನಲ್ಲಿರುವ ಗ್ರೀಕ್‌ನ ಕೆರಾಸ್ ಕೂಡ ಕೋಡೇ. ಕೋಡನ್ನು ತೆಳ್ಳಗೆ ಸೀಳಿದರೆ ಬೆಳಕು ಹಾಯುತ್ತದಲ್ಲ, ಅದನ್ನು ನೋಡಿ ಇಟ್ಟ ಹೆಸರಿರಬಹುದು. ಚಂದದ ಹೆಸರು, ಆದರೆ 'ಕಣ್ಣಿನ ಕೋಡು' ಎಂದರೆ ನಮ್ಮವರು ಎದ್ದು ಓಡುತ್ತಾರೆ. ನಾನು 'ತಿಳಿಪದರು' ಎಂದು ಬರೆದಿದ್ದೇನೆ. ಉಳ್ಳಾಗಡ್ಡಿಯ ಪದರು ಎಲ್ಲರಿಗೂ ಗೊತ್ತು. ಒಪ್ಪುತ್ತೀರಾ?

ತಿಳಿಪದರು ಚೂಪಾಗುವುದಕ್ಕೆ 'ಶಂಕುವಿನಾಕಾರ' ಎನ್ನುವುದನ್ನು ಬಿಟ್ಟೇಬಿಟ್ಟೆ. ಶಂಕು ಎಂದರೆ ಶಂಕುಸ್ಥಾಪನೆ ನೆನಪಾಗುತ್ತದೆ, ಕೆಲವರಿಗೆ ಶಂಖ ಎಂದು ಕೇಳಿಸುತ್ತದೆ. 'ಕಣದಾಗಿನ ಜೋಳದ ರಾಶಿ ಹಂಗ ಮುಂದ ಚೂಪ ಆಗೇತಿ' ಎಂದಾಗ ಅಕ್ಕನಿಗೆ ಒಂದೇ ಸಲಕ್ಕೆ ತಿಳಿಯಿತು.

'ತೆಳು' ಎಂಬುದರಲ್ಲೇ ಜಾಸ್ತಿ ತೊಡಕಿದೆ. ನಮ್ಮಲ್ಲಿ ತೆಳು ಎಂದರೆ ಹೆಚ್ಚಾಗಿ ಮೆಚ್ಚುಗೆ. ತೆಳ್ಳನೆಯ ರೊಟ್ಟಿ, ತೆಳು ಬಟ್ಟೆ. ಇಲ್ಲಿ ಅದು ಅಪಾಯ. ತಿಳಿಪದರು ನಡುವೆ ಸಾಮಾನ್ಯವಾಗಿ 540 ಮೈಕ್ರಾನ್‌ನಷ್ಟು ಇರುತ್ತದೆ, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ನಮ್ಮ ಹುಡುಗನಿಗೆ ಎಲ್ಲಕ್ಕಿಂತ ತೆಳುವಾದ ಜಾಗದಲ್ಲಿ 410. ಇದರ ಚಿಕಿತ್ಸೆಗೆ (ಅದರ ಮಾತು ಮುಂದೆ ಬರುತ್ತದೆ) ತಿಳಿಪದರಿನ ಮೇಲಿನ ಚರ್ಮವನ್ನು ಕೆರೆದು ತೆಗೆಯುತ್ತಾರೆ. ಅದು ಸುಮಾರು 50. ಉಳಿದದ್ದು 360. ಚಿಕಿತ್ಸೆಗೆ ಬೇಕಾದದ್ದು ಕನಿಷ್ಠ 400. 'ಸವೆದಿದೆ' ಎಂದು ಬರೆಯಲೇ? ಸವೆದ ಕುಡಗೋಲು, ಸವೆದ ಚಪ್ಪಲಿ ಎಂದಾಗ ಅದು ಒಳ್ಳೆಯ ಸುದ್ದಿ ಎಂದು ಯಾರೂ ತಿಳಿಯುವುದಿಲ್ಲ. ಆದರೆ ಸವೆತ ಎಂದರೆ ಮೇಲಿನಿಂದ ಉಜ್ಜಿ ಹೋದ ಹಾಗೆ. ಇದು ಹಾಗಲ್ಲ, ಒಳಗಿನ ಹುರಿ ಸಡಿಲಾಗಿ ಚಾಚಿಕೊಂಡು ತೆಳುವಾಗುವುದು. ಇಲ್ಲಿ ನನಗೆ ನಿಜವಾಗಿ ದಾರಿ ಕಾಣುತ್ತಿಲ್ಲ.

ಕಣ್ಣು ತಿಕ್ಕುವುದರಿಂದ ಈ ತೊಂದರೆ ಹೆಚ್ಚುತ್ತದೆ. ಚೀಟಿಯ ಹಳೆಯ ಕರಡಿನಲ್ಲಿ 'ನೇತ್ರ ಘರ್ಷಣೆ ಸಲ್ಲದು' ಎಂದಿತ್ತು. 'ಕಣ್ಣು ತಿಕ್ಕಬೇಡಿ' ಎಂದು ತಿದ್ದಿದ್ದೇನೆ. ಮೈಸೂರು ಕಡೆಯವರು ಉಜ್ಜಬೇಡಿ ಎನ್ನುತ್ತಾರೆ, ಇರಲಿ, ಇದು ನಮ್ಮ ಕಡೆಯ ಚೀಟಿ.

ಇನ್ನು ಚಿಕಿತ್ಸೆಯ ಹೆಸರು, ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡನ್‌ನವರು ರೂಪಿಸಿದ್ದು, ರೋಗಿಗಳ ಮೇಲೆ ಮಾಡಿದ ಮೊದಲ ವರದಿ ಬಂದದ್ದು 2003ರಲ್ಲಿ. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್‌ನ ಹಳದಿ ಹನಿಯನ್ನು ಅರ್ಧ ಗಂಟೆ ಹಾಕಿ, ಆಮೇಲೆ ಅರ್ಧ ಗಂಟೆ ನೇರಳಾತೀತ ಬೆಳಕು ಬಿಡುತ್ತಾರೆ. ತಿಳಿಪದರಿನ ಒಳಗಿನ ಹುರಿಗಳಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿಗಳು ಕೂಡುತ್ತವೆ. ಮೊದಲು 'ಗಟ್ಟಿ ಮಾಡುವುದು' ಎಂದು ಬರೆದಿದ್ದೆ. "ಕಣ್ಣು ಕಲ್ಲಾಗತೈತೇನು?" ಎಂದು ಅವ್ವ ಕೇಳಿದಳು. ಓಣಿಯಲ್ಲಿ ಯಾರೋ "ಕಣ್ಣಿಗೆ ಕರೆಂಟ್ ಕೊಡ್ತಾರಂತ" ಎಂದರು. ಕ್ಯಾನ್ಸರ್ ರೋಗಿಗೆ ಕೊಡುವುದನ್ನು ಹಾಗೆ ಕರೆಯುತ್ತೇವಲ್ಲ, ಮನೆಯಲ್ಲಿ ಅಳು ಶುರುವಾಯಿತು. ಕೊನೆಗೆ ಅರ್ಥ ಮಾಡಿಸಿದ್ದು ಮನೆಯ ಹೊರಸು. ಹುರಿ ಸಡಿಲಾದರೆ ಹೊರಸು ನಡುವೆ ಜೋತು ಬೀಳುತ್ತದೆ. ಅಡ್ಡ ಹುರಿ ಹಾಕಿ ಬಿಗಿದರೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ 'ಅಡ್ಡಬಿಗಿ' ಎಂದು ಇಟ್ಟಿದ್ದೇನೆ. ಬೆಟಗೇರಿಯ ನೇಕಾರರ ಮನೆಯವರು ಯಾರಾದರೂ ಇಲ್ಲಿದ್ದರೆ ಹೇಳಿ, ಸಡಿಲಾದ ಎಳೆಯನ್ನು ಬಿಗಿಯುವುದಕ್ಕೆ ಮಗ್ಗದಲ್ಲಿ ಬೇರೆ ಮಾತಿದೆಯೇ?

ಪದರು ತೀರಾ ತೆಳುವಾದವರಿಗೆ ಈ ಬೆಳಕು ಒಳಗಿನ ಕಟ್ಟಕಡೆಯ ಜೀವಕೋಶಗಳವರೆಗೆ ತಲುಪಿ ಸುಡುವ ಭಯ ಇರುತ್ತದೆ. ಅವು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. 400ರ ಲೆಕ್ಕ ಬಂದದ್ದು ಅದಕ್ಕೇ. ಆದರೆ 360 ಇದ್ದವರಿಗೂ ದಾರಿ ಇದೆ. ಉಪ್ಪಿನಂಶ ಕಡಿಮೆ ಇರುವ ತೆಳು ಹನಿ ಹಾಕಿದರೆ ಪದರು ನೀರು ಹೀರಿ ಸ್ವಲ್ಪ ಹೊತ್ತು ದಪ್ಪವಾಗುತ್ತದೆ. ಇದಕ್ಕೆ 'ಉಬ್ಬಿಸುವುದು' ಎಂದಿದ್ದೆ. ಡಾಕ್ಟರು ಬೇಡ ಎಂದರು, ರೋಗವೂ ಉಬ್ಬೇ ತಾನೆ. ಮಡಕಿ ಕಾಳಿನ ಹಾಗೆ 'ನೆನೆಸುವುದು' ಎಂದು ಮಾಡಿದೆ. ಇನ್ನೊಂದು, ಅದೇ ಹಳದಿ ಹನಿಯಲ್ಲಿ ನೆನೆಸಿದ ಕಾಂಟ್ಯಾಕ್ಟ್ ಲೆನ್ಸನ್ನು ಮೇಲಿಟ್ಟು ದಪ್ಪ ತುಂಬಿಸಿಕೊಳ್ಳುವುದು. ಚೆನ್ನೈನ ಡಾಕ್ಟರ್ ಸೂಸನ್ ಜೇಕಬ್ 2014ರಲ್ಲಿ ವರದಿ ಮಾಡಿದ ವಿಧಾನ. ನಮ್ಮ ಹುಡುಗನಿಗೆ ಮಾಡಿದ್ದು ಇದನ್ನೇ. ಈಗೀಗ ಪದರಿನ ದಪ್ಪ ನೋಡಿ ಬೆಳಕಿನ ಹೊತ್ತನ್ನೇ ಕಡಿಮೆ ಮಾಡುವುದೂ ಬಂದಿದೆ. ತೀರಾ ಕೈಮೀರಿದರೆ ದಾನದ ಕಾರ್ನಿಯಾ ಕಸಿ.

ಕಡೆಯದು, ನನ್ನ ಮನಸ್ಸಿಗೆ ಹತ್ತಿರದ್ದು. ಎಲ್ಲ ತಾಯಂದಿರೂ ಕೇಳುವುದು ಒಂದೇ, "ಆರಾಮ ಆಗತೈತೇನ್ರಿ?" ಹೌದು ಎಂದರೆ ಸುಳ್ಳಾಗುತ್ತದೆ. ಅಡ್ಡಬಿಗಿ ಮಾಡಿದರೆ ಹೆಚ್ಚಿನವರಲ್ಲಿ ರೋಗ ಮುಂದುವರಿಯುವುದು ನಿಲ್ಲುತ್ತದೆ, ಹೋದ ನೋಟ ಪೂರ್ತಿ ಮರಳುವುದಿಲ್ಲ. ಕನ್ನಡಕವೋ ಲೆನ್ಸೋ ಬೇಕೇ ಬೇಕು. ಇಲ್ಲ ಎಂದರೆ ಅವರು ಚಿಕಿತ್ಸೆಗೇ ಬರುವುದಿಲ್ಲ. 'ಹೊಲಕ್ಕ ಒಡ್ಡು ಹಾಕಿದಂಗ, ಹರಿದು ಹೋದ ಮಣ್ಣು ಬರೂದಿಲ್ಲ, ಇದ್ದದ್ದು ಉಳೀತೈತಿ' ಎಂದು ಅಕ್ಕನಿಗೆ ಹೇಳಿದ್ದೆ. ಅವಳು ತಲೆಯಾಡಿಸಿದಳು. ಚೀಟಿಯಲ್ಲಿ ಈ ಸಾಲನ್ನು ಹೀಗೇ, ನಮ್ಮ ಆಡುಮಾತಿನಲ್ಲೇ ಇಡಬಹುದೇ? ಹಾವೇರಿ, ಗದಗದವರು ಓದಿ ಹೇಳಿ. 'ತೆಳು'ವಿಗೆ ನಿಮ್ಮ ಊರಿನ ಮಾತು ಇದ್ದರೆ ಅದನ್ನೂ ಬರೆಯಿರಿ, ಆ ಜಾಗ ಖಾಲಿ ಬಿಟ್ಟಿದ್ದೇನೆ.