ಎಕಿನೇಸಿಯಾ ಎರೆಮಣ್ಣಿನಲ್ಲಿ ಬದುಕುವುದೇ?

ಎರೆಅಂಗಳ, ಕಲಬುರಗಿ:
ಮಗಳು ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದಾಳೆ. ಅಲ್ಲಿನ ಹುಲ್ಲುಬಯಲಿನ ಎಕಿನೇಸಿಯಾ ಹೂವನ್ನು ಮೊಬೈಲಿನಲ್ಲಿ ತೋರಿಸಿದಾಗಿನಿಂದ ನನಗೆ ಅದರದೇ ಗೀಳು. ಜೋತುಬಿದ್ದ ತೆಳು ಗುಲಾಬಿ ದಳ, ನಡುವೆ ಮುಳ್ಳುಮುಳ್ಳಾದ ಗುಬುಟು. ಪರ್ಪ್ಯೂರಿಯಾ, ಪ್ಯಾಲಿಡಾ ಎಂಬ ಎರಡು ಪೊಟ್ಟಣ ಬೀಜ ಕೊಂಡು, ಜೂನ್‌ನಲ್ಲಿ ಮಳೆ ಬಿದ್ದ ಮರುದಿನವೇ ಅಂಗಳದಲ್ಲಿ ಬಿತ್ತಿದೆ. ಪರ್ಪ್ಯೂರಿಯಾ ಐದು ಸಸಿ ಎದ್ದವು. ಆಗಸ್ಟ್‌ನ ಜಡಿಮಳೆಗೆ ನಾಲ್ಕು ಬುಡ ಕಪ್ಪಾಗಿ ಮಲಗಿದವು. ಪ್ಯಾಲಿಡಾ ಒಂದೂ ಏಳಲಿಲ್ಲ. ಪಕ್ಕದಲ್ಲೇ ತೊಗರಿ ಸೊಂಟದೆತ್ತರ ನಿಂತು ನನ್ನನ್ನು ಅಣಕಿಸುತ್ತಿದೆ.

ಕೆಮ್ಮಣ್ಣು, ಬೀದರ್:
ಅಕ್ಕಾ, ಆ ಬೀಜಕ್ಕೆ ಚಳಿ ಬೇಕು. ತವರಿನಲ್ಲಿ ಅದು ಚಳಿಗಾಲವಿಡೀ ಒದ್ದೆ ನೆಲದಲ್ಲಿ ಮಲಗಿ, ವಸಂತದಲ್ಲಿ ಮೊಳೆಯುತ್ತದೆ. ನಮಗೆ ಫ್ರಿಜ್ಜೇ ಗತಿ. ತೇವದ ಮರಳಿನಲ್ಲಿ ಬೆರೆಸಿ, ಡಬ್ಬಿಯಲ್ಲಿ ಹಾಕಿ ತರಕಾರಿಯ ಖಾನೆಯಲ್ಲಿಡಿ. ಮಂಜುಗಟ್ಟುವ ಮೇಲಿನ ಖಾನೆ ಬೇಡ. ಪರ್ಪ್ಯೂರಿಯಾಕ್ಕೆ 30 ದಿನ ಸಾಕು, ಚಳಿಯಿಲ್ಲದೆಯೂ ಕೆಲವು ಏಳುತ್ತವೆ. ಪ್ಯಾಲಿಡಾಕ್ಕೆ 60ರಿಂದ 90 ದಿನ. ಡಬ್ಬಿಯ ಮೇಲೆ ಹೆಸರು ಬರೆಯಿರಿ. ನಮ್ಮ ಅತ್ತೆಯವರು ಶೇಂಗಾ ಹಿಂಡಿಯೆಂದು ತಿಳಿದು ರೊಟ್ಟಿಯ ಪಕ್ಕಕ್ಕೆ ಒಂದು ಚಮಚ ಬಡಿಸಿಬಿಟ್ಟಿದ್ದರು.

ಇನ್ನು ಮಣ್ಣು. ಎರೆ ನೀರು ಹಿಡಿದರೆ ಬಿಡುವುದಿಲ್ಲ, ನಿಮ್ಮ ಸಸಿಗಳು ಕೊಳೆತದ್ದು ಅದಕ್ಕೇ. ನಾಲ್ಕು ಶಹಾಬಾದ್ ಕಲ್ಲು ನಿಲ್ಲಿಸಿ, ಒಂದೂವರೆ ಅಡಿ ಎತ್ತರಕ್ಕೆ ಕೆಂಪು ಮಣ್ಣು, ಮರಳು ತುಂಬಿರಿ. ಗೊಬ್ಬರ ಸುರಿಯಬೇಡಿ, ಕಾಂಡ ಸೊಕ್ಕಿ ಬೀಳುತ್ತದೆ. ಮಳೆ ನಿಂತ ಮೇಲೆ ಬಿತ್ತಿರಿ. ಪ್ಯಾಲಿಡಾ ಗಜ್ಜರಿಯಂತೆ ಬೇರು ಇಳಿಸುವುದರಿಂದ ಕಿತ್ತು ನೆಟ್ಟರೆ ಮುನಿಯುತ್ತದೆ. ಇರುವಲ್ಲೇ ಬಿತ್ತುವುದು ಮೇಲು.

ಭೀಮಾತೀರ, ಯಾದಗಿರಿ:
ಇಷ್ಟು ಉಪಚಾರ ಬಾಣಂತಿಗೂ ಇಲ್ಲ! ನಮ್ಮ ಮೇ ತಿಂಗಳ 42 ಡಿಗ್ರಿಯನ್ನು ಅದು ತಾಳಬೇಕಲ್ಲ? ಗೈಲಾರ್ಡಿಯಾ ಹಾಕಿರಿ. ಅದೂ ಅಮೆರಿಕದ ಬಯಲಿನದೇ, ಆದರೆ ನಮ್ಮ ಹೂಮಾಲೆಗೆ ಎಂದೋ ಸೇರಿಕೊಂಡಿದೆ.

ಎರೆಅಂಗಳ:
ಗೈಲಾರ್ಡಿಯಾ ಎರಡು ಸಾಲು ಆಗಲೇ ಇದೆ ಅಣ್ಣಾ, ಗೀಳು ಇದರದು. ಪ್ಯಾಲಿಡಾ ನಿನ್ನೆಯೇ ಫ್ರಿಜ್ಜು ಸೇರಿತು. ತಂಗೀ, ಉಳಿದ ಆ ಒಂದು ಸಸಿ?

ಕೆಮ್ಮಣ್ಣು:
ಅದು ಪರ್ಪ್ಯೂರಿಯಾ, ಬೇರು ಕವಲುಕವಲು, ಹೆಂಟೆಸಮೇತ ಎತ್ತಿದರೆ ಬದುಕೀತು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ನೆರಳಿರಲಿ. ಹೂವು ಸಾಮಾನ್ಯವಾಗಿ ಎರಡನೆಯ ವರ್ಷಕ್ಕೆ. ನನ್ನವು ಮೊಣಕಾಲೆತ್ತರ ಮಾತ್ರ ಬಂದಿವೆ, ಆದರೂ ಕಳೆದ ವರ್ಷ ಮೂರು ಬಿಟ್ಟವು.