ಮೇಲೇರುವಾಗ ಎಂಜಿನ್ ಸೊರಗುತ್ತದೆ, ಟ್ಯಾಂಕಿಗೆ ಪ್ರೆಶರ್ ಜಾಸ್ತಿ ಕೊಡಬೇಕಾ?

ಕೇಳಿದ್ದು, ಬದಿಯಡ್ಕದಿಂದ
ನನ್ನದು ರಿಮೋಟಿನಲ್ಲಿ ಹಾರಿಸುವ ಮಾಡೆಲ್ ವಿಮಾನ, ಕಲಿಯುವವರ ಟ್ರೈನರ್; 7.5 ಸಿಸಿ ಟೂ-ಸ್ಟ್ರೋಕ್ ಗ್ಲೋ (ಮೆಥನಾಲಿನಲ್ಲಿ ಓಡುವ) ಎಂಜಿನ್. ನೆಲದಲ್ಲಿ ಚೆನ್ನಾಗಿ ಓಡುತ್ತದೆ. ಪದವಿಗೆ (ಗುಡ್ಡದ ಬಯಲಿಗೆ) ಹೋಗಿ ಹಾರಿಸಿದರೆ, ಮೂಗು ಎತ್ತಿದ ಕೂಡಲೇ ಸೊರಗುತ್ತದೆ. ಟ್ಯಾಂಕ್ ಅರ್ಧ ಆದ ಮೇಲಂತೂ ನಿಂತೇ ಹೋಗುತ್ತದೆ. ಸೈಲೆನ್ಸರಿನಿಂದ ಟ್ಯಾಂಕಿಗೆ ಪ್ರೆಶರ್ ಟ್ಯೂಬ್ ಇದೆ. ಅದು ಸಾಲದೇನೋ ಅಂತ, ಪಿಸ್ಟನ್ ಕೆಳಗಿನ ಗೂಡು ಅಂದರೆ ಕ್ರ್ಯಾಂಕ್‌ಕೇಸಿನಿಂದ ತೆಗೆಯುವ ಯೋಚನೆ. ಮಾಡಿ ನೋಡಿದವರು ಹೇಳಿ.

ಪೆರ್ಲದಿಂದ
ಕ್ರ್ಯಾಂಕ್‌ಕೇಸ್ ಈಗಲೇ ಬೇಡ ಮಾರಾಯ್ರೆ. ವಿಮಾನ ನೆಟ್ಟಗೆ ಏರುವಾಗ ಟ್ಯಾಂಕಿನ ಹಿಂತುದಿ ಕಾರ್ಬ್ಯುರೇಟರಿಗಿಂತ 15 ಸೆಂ.ಮೀ. ಕೆಳಗೆ ಅಂತ ಇಟ್ಟುಕೊಳ್ಳಿ. ನಾಲ್ಕು ಪಾಲು ಮೆಥನಾಲಿಗೆ ಒಂದು ಪಾಲು ಹರಳೆಣ್ಣೆ ಬೆರೆಸಿದ ಇಂಧನ ನೀರಿಗಿಂತ ಹಗುರ. ಅದನ್ನು ಅಷ್ಟು ಮೇಲೆ ತಳ್ಳಲು ಸುಮಾರು 12 ಸೆಂ.ಮೀ. ನೀರಿನ ಒತ್ತಡ ಸಾಕು. ಸ್ವಲ್ಪ ಕಾರ್ಬ್ಯುರೇಟರೇ ಎಳೆದುಕೊಳ್ಳುತ್ತದೆ. ಉಳಿದದ್ದಕ್ಕೆ ಸೈಲೆನ್ಸರ್ ಪ್ರೆಶರ್ ಧಾರಾಳ, ಅದು ಟ್ಯಾಂಕಿನವರೆಗೆ ಮುಟ್ಟುತ್ತಿದ್ದರೆ.

ನೀವು "ಅರ್ಧ ಆದ ಮೇಲೆ" ಅಂದಿರಲ್ಲ, ನನಗೆ ಸಂಶಯ ಅಲ್ಲೇ. ಟ್ಯಾಂಕಿನ ಒಳಗೆ ಇಂಧನ ಹೀರುವ ತೂಕದ ಗುಂಡಿನವರೆಗೆ ಹೋಗುವ ಸಿಲಿಕೋನ್ ಟ್ಯೂಬ್ ಇದೆಯಲ್ಲ, ಅದು ಹಿತ್ತಾಳೆ ನಳಿಗೆಗೆ ಸಿಕ್ಕಿಸಿದ ಜಾಗದಲ್ಲಿ ಸೂಜಿಮೊನೆಯಷ್ಟು ಹರಿದಿರಬಹುದು. ತೂತು ಇಂಧನದಲ್ಲಿ ಮುಳುಗಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಮಟ್ಟ ಇಳಿದು ತೂತು ಬಯಲಾದ ಕೂಡಲೇ ಗಾಳಿ ಎಳೆಯುತ್ತದೆ, ಎಂಜಿನ್ ಲೀನ್ ಆಗಿ (ಇಂಧನ ಸಾಲದೆ) ನಿಲ್ಲುತ್ತದೆ. ಹೊರಗಿನಿಂದ ಎಷ್ಟು ಪ್ರೆಶರ್ ಕೊಟ್ಟರೂ ಇದಕ್ಕೆ ಮದ್ದಿಲ್ಲ. ಟ್ಯೂಬ್ ಬದಲಿಸಿ, ನಳಿಗೆಯ ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿ.

ಇತ್ತೀಚೆಗೆ ವಿಮಾನ ನೆಲಕ್ಕೆ ಕುಟ್ಟಿತ್ತಾ? ಹಾಗಾದರೆ ಗುಂಡು ಮುಂದಕ್ಕೆ ಮಡಚಿ ಅಲ್ಲೇ ಸಿಕ್ಕಿಕೊಂಡಿರಲೂಬಹುದು. ಆಗ ಮೂಗು ಎತ್ತಿದರೆ ಇಂಧನ ಹಿಂದೆ, ಗುಂಡು ಮುಂದೆ. ಟ್ಯೂಬಿನ ನಡುವೆ ಒಂದು ತುಂಡು ಹಿತ್ತಾಳೆ ನಳಿಗೆ ಸೇರಿಸಿದರೆ ಮಡಚುವುದಿಲ್ಲ.

ಪೂರ್ತಿ ಟ್ಯಾಂಕ್ ಪರೀಕ್ಷೆಗೆ ಮೆಡಿಕಲ್ಲಿನಲ್ಲಿ ಸಿಗುವ ಸಿರಿಂಜ್ ಸಾಕು. ಬೇರೆ ನಳಿಗೆಗಳ ಬಾಯಿ ಮುಚ್ಚಿ, ಒಂದರಿಂದ ಗಾಳಿ ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಬಾಯಿಂದ ಊದಬೇಡಿ, ಮೆಥನಾಲ್ ವಿಷ.

ಮುಳ್ಳೇರಿಯದಿಂದ
ಸೈಲೆನ್ಸರಿನ ನಿಪ್ಪಲ್ (ಪ್ರೆಶರ್ ಟ್ಯೂಬ್ ಸಿಕ್ಕಿಸುವ ನಳಿಗೆ) ಕಳಚಿ ನೋಡಿ. ಹರಳೆಣ್ಣೆ ಸುಟ್ಟ ಮಸಿ ಅದರ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಸಣ್ಣ ತಂತಿ ಹಾಕಿ ತೆಗೆಯಿರಿ. ಸೈಲೆನ್ಸರಿನ ಸ್ಕ್ರೂ ಸಡಿಲವಾಗಿದ್ದರೂ ಪ್ರೆಶರ್ ಸೋರುತ್ತದೆ, ಎಂಜಿನಿನ ಪಕ್ಕ ಕಪ್ಪು ಎಣ್ಣೆ ಒಸರಿದ್ದರೆ ಅದೇ.

ಟ್ಯಾಂಕ್ ಸುತ್ತ ಸ್ಪಂಜು ಇದೆ ತಾನೆ? ಮರಕ್ಕೆ ತಾಗಿ ಕೂತರೆ ನಡುಕಕ್ಕೆ ಇಂಧನ ನೊರೆ ಏಳುತ್ತದೆ.

ಕುಂಬಳೆಯಿಂದ
ಕ್ರ್ಯಾಂಕ್‌ಕೇಸ್ ಪ್ರೆಶರ್ ಬಳಸಿದವನು ನಾನು. ಅಡಿಕೆಗೆ ಮದ್ದು ಬಿಡುವ ಪಂಪಿನ ಹಾಗೆ ಒತ್ತಡ ಏರಿದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಒತ್ತಡ ಪಿಸ್ಟನ್ ಜೊತೆ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಒನ್-ವೇ ವಾಲ್ವ್ ಬೇಕೇ ಬೇಕು. ಮಾಮೂಲಿ ಕಾರ್ಬ್ಯುರೇಟರಿಗೆ ಅದು ಜಾಸ್ತಿ. ಇಂಧನದ ಅಳತೆ ಹೊಂದಿಸುವ ನೀಡಲ್ ಕೂದಲೆಳೆ ತಿರುಗಿಸಿದರೂ ರಿಚ್ (ಇಂಧನ ಜಾಸ್ತಿ), ಇಲ್ಲವೇ ಲೀನ್. ಥ್ರಾಟಲ್ ಇಳಿಸಿದರೆ ಇಂಧನ ನುಗ್ಗಿ ಎಂಜಿನ್ ಮುಳುಗುತ್ತದೆ. ಎಂಜಿನ್ ನಿಂತ ಮೇಲೂ ಟ್ಯಾಂಕಿನಲ್ಲಿ ಒತ್ತಡ ಉಳಿದು ಇಂಧನ ಒಳಗೆ ಇಳಿಯುತ್ತಲೇ ಇರುತ್ತದೆ. ಆ ಮೇಲೆ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಕಾರ್ಬ್ಯುರೇಟರಿನ ಹತ್ತಿರ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಹಾಕಿದರೆ ಮಾತ್ರ ಈ ದಾರಿ ಸರಿ. ಟ್ಯಾಂಕ್ ತುಂಬ ಹಿಂದೆ ಇರುವ ಸ್ಟಂಟ್ ವಿಮಾನಕ್ಕಾದರೆ ಆ ಖರ್ಚು ಸಾರ್ಥಕ. ಟ್ರೈನರಿಗೆ ಯಾಕೆ?

ಉಪ್ಪಳದಿಂದ
ನಾನು ತಂತಿ ಕಟ್ಟಿ ಸುತ್ತ ಹಾರಿಸುವವನು. ನಮ್ಮಲ್ಲಿ ಯುನಿಫ್ಲೋ ಟ್ಯಾಂಕ್: ಗಾಳಿಯ ನಳಿಗೆ ಒಳಗೆ ಇಂಧನ ಎಳೆಯುವ ನಳಿಗೆಯ ಪಕ್ಕದಲ್ಲೇ ತೆರೆಯುತ್ತದೆ. ಹಾಗಾಗಿ ಟ್ಯಾಂಕ್ ಖಾಲಿ ಆಗುತ್ತಾ ಬಂದರೂ ಎಂಜಿನಿಗೆ ಸಿಗುವ ಒತ್ತಡ ಹೆಚ್ಚು ಕಡಿಮೆ ಒಂದೇ. ಅದಕ್ಕೇ ಸೈಲೆನ್ಸರ್ ಟ್ಯೂಬ್ ಕೊಡುವವರೂ ಇದ್ದಾರೆ. ನಿಮ್ಮ ಟ್ಯಾಂಕಿನ ನಡುಗೆರೆ ನೀಡಲ್ ವಾಲ್ವಿನ ಮಟ್ಟಕ್ಕೆ, ಇಲ್ಲವೇ ಒಂದು ಸೆಂ.ಮೀ. ಕೆಳಗಿದೆಯಾ ನೋಡಿ.

ಮತ್ತೆ ಪೆರ್ಲದಿಂದ
ಎಲ್ಲ ಸರಿ ಮಾಡಿದ ಮೇಲೆ ನೀಡಲನ್ನು ಹೊಸದಾಗಿ ಹೊಂದಿಸಿ. ಫುಲ್ ಥ್ರಾಟಲಿನಲ್ಲಿ ಒಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ಮೇಲೆ ಮಾಡಲಿ. ದನಿ ಸ್ವಲ್ಪ ಏರಬೇಕು. ಇಳಿದರೆ ಇನ್ನೂ ರಿಚ್ ಮಾಡಿ.

ಬದಿಯಡ್ಕದಿಂದ
ಬಕೆಟ್ ಪರೀಕ್ಷೆ ಮಾಡಿದೆ, ಹೊರಗೆ ಗುಳ್ಳೆ ಇಲ್ಲ. ಒಳಗಿನ ಟ್ಯೂಬ್ ತೆಗೆದು ಬಗ್ಗಿಸಿದಾಗ ನಳಿಗೆಯ ಬುಡದಲ್ಲಿ ಸೀಳು ಕಂಡಿತು. ನಿಪ್ಪಲ್ ಕೂಡ ಅರ್ಧ ಮುಚ್ಚಿತ್ತು. ಹೊಸ ಟ್ಯೂಬ್ ಹಾಕಿದ್ದೇನೆ, ಮಳೆ ಬಿಡಲಿ. ಇನ್ನೊಂದು ವಿಷಯ: ಮುಂದೆ ಪೆಟ್ರೋಲ್ ಎಂಜಿನ್ ಕೊಂಡರೆ ಇದೇ ಸಿಲಿಕೋನ್ ಟ್ಯೂಬ್ ನಡೆಯುತ್ತದಾ?

ಕುಂಬಳೆಯಿಂದ
ಇಲ್ಲ. ಪೆಟ್ರೋಲಿಗೆ ಸಿಲಿಕೋನ್ ಉಬ್ಬಿ ಹಾಳಾಗುತ್ತದೆ. ಪೆಟ್ರೋಲ್ ತಡೆಯುವ ಟೈಗಾನ್ ಟ್ಯೂಬ್ ಹಾಕಿ, ಟ್ಯಾಂಕಿನ ಬಿರಡೆಯೂ ಪೆಟ್ರೋಲಿನದ್ದೇ ಇರಲಿ.