ಅಹಮದಾಬಾದ್ ಹಳೆ ಊರು, ಒಂದೇ ದಿನ: ಇಡೀ ದಿನದ ಗೈಡ್ ಟೂರ್ ಬೇಕಾ?

ಕೇಳಿದವರು:
ಜನವರಿ ಮೊದಲ ವಾರ ಕೆಲಸದ ಮೇಲೆ ಅಹಮದಾಬಾದ್‌ಗೆ ಹೋಗುತ್ತಿದ್ದೇನೆ. ಅಮ್ಮನೂ ಬರ್ತಾರೆ. ಒಂದು ಪೂರ್ತಿ ದಿನ ಬಿಡುವಿದೆ. ಹಳೆ ಕಟ್ಟಡಗಳು, ಅಲ್ಲಿನ ಊಟ ತಿಂಡಿ, ಎರಡನ್ನೂ ಗೈಡ್ ಜೊತೆ ನೋಡುವ ಆಸೆ. ಅಮ್ಮನಿಗೆ 66 ವರ್ಷ, ಮಂಡಿ ನೋವಿದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನೋದಿಲ್ಲ. ಇಡೀ ದಿನದ ಟೂರ್ ತಗೊಳ್ಳೋದಾ, ಬೆಳಗಿನದ್ದು ಸಾಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಎರಡು ಸಲ ಹೋಗಿ ಬಂದವರು:
ಬೆಳಗಿನದ್ದು ಸಾಕು ಮೇಡಂ. ಮೊದಲ ಸಲ ನಾನು ಇಡೀ ದಿನದ ಕಾರ್ ಟೂರ್ ತಗೊಂಡಿದ್ದೆ. ಎಂಟು ಜಾಗ ಅಂದಿದ್ದರು. ಅದರಲ್ಲಿ ಒಂದು ಸೀರೆ ಅಂಗಡಿ, ಅಲ್ಲೇ ಮುಕ್ಕಾಲು ಗಂಟೆ ಹೋಯಿತು. ಪೋಳ್‌ಗಳನ್ನು ಬಾಗಿಲಲ್ಲೇ ನಿಂತು ನೋಡಿ ವಾಪಸ್ ಬಂದೆವು. ಆ ಬೇಜಾರು ಇನ್ನೂ ಇದೆ, ಯಾಕಂದ್ರೆ ಆ ಊರಿನ ಜೀವ ಇರೋದೇ ಪೋಳ್‌ಗಳಲ್ಲಿ. ಪೋಳ್ ಅಂದ್ರೆ ಒಂದೇ ಹೆಬ್ಬಾಗಿಲು ಇರುವ ಓಣಿ, ಒಳಗೆ ಒತ್ತಾಗಿ ಮನೆಗಳು. ಅದನ್ನು ನಡೆದೇ ನೋಡಬೇಕು.

ಎರಡನೇ ಸಲ ನಗರಪಾಲಿಕೆಯ ಹೆರಿಟೇಜ್ ವಾಕ್‌ಗೆ ಹೋದೆ. 1997ರಲ್ಲಿ ಶುರುವಾದದ್ದು. ಬೆಳಿಗ್ಗೆ ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಹೊರಟು ಜಾಮಾ ಮಸೀದಿ ಹತ್ತಿರ ಮುಗಿಯುತ್ತದೆ. ದೇವಸ್ಥಾನ 1822ರದ್ದು, ಮರದ ಕೆತ್ತನೆಗೆಲ್ಲ ಬಣ್ಣ ಹಾಕಿದ್ದಾರೆ. ಆಮೇಲೆ ಓಣಿಯಿಂದ ಓಣಿಗೆ. ನಮ್ಮ ಹಳೆ ಮನೆ ನೋಡಿದವರಿಗೆ ಎಲ್ಲವೂ ತಕ್ಷಣ ಅರ್ಥವಾಗುತ್ತೆ. ಅವರ ಓಟ್ಲೋ ನಮ್ಮ ಜಗಲಿ, ಅವರ ಚೌಕ್ ನಮ್ಮ ತೊಟ್ಟಿ. ಕವಿ ದಲಪತರಾಮ್ ಅವರ ಮನೆ ಇದ್ದ ಜಾಗದಲ್ಲಿ ಅವರ ಕಂಚಿನ ಪ್ರತಿಮೆಯನ್ನೂ ಹಾಗೇ ಕೂರಿಸಿದ್ದಾರೆ, ಮನೆ ಮುಂದೆ ಸುಮ್ನೆ ಕೂತ ಅಜ್ಜನ ಥರ. ಓಣಿ ಕೂಡುವಲ್ಲಿ ಕಂಬದ ಮೇಲೆ ಕೆತ್ತನೆಯ ಗೂಡುಗಳಿವೆ, ಚಬೂತರೋ ಅಂತಾರೆ. ಹಕ್ಕಿಗಳಿಗೆ ಕಾಳು ಹಾಕೋಕೆ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಓಟ್ಲೋ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಗೈಡ್ ಮಾತಾಡಿಸಿದರು, ಅಜ್ಜಿ ಒಳಗೆ ಕರೆದರು. ಚೌಕ್‌ನ ನೆಲದಲ್ಲಿ ಒಂದು ಮುಚ್ಚಳ. ಅದನ್ನು ಸರಿಸಿ ಟಾರ್ಚ್ ಬಿಟ್ಟರೆ ಕೆಳಗೆ ಕತ್ತಲಲ್ಲಿ ನೀರು ಹೊಳೆಯಿತು. ಅದು ಟಾಂಕಾ. ಮಾಡಿನ ಮೇಲೆ ಬಿದ್ದ ಮಳೆ ನೀರು ಕೊಳವೆಯಲ್ಲಿ ಇಳಿದು ಮನೆ ಅಡಿಯಲ್ಲೇ ನಿಲ್ಲುತ್ತೆ. ನಾನು ಬಗ್ಗಿ 'ಓ' ಅಂದೆ, ದನಿ ವಾಪಸ್ ಬಂತು. ಅಜ್ಜಿ ನಕ್ಕರು. ಗೈಡ್ ಇಲ್ಲದಿದ್ದರೆ ಆ ಹೊಸ್ತಿಲು ದಾಟೋಕೆ ಆಗ್ತಿರಲಿಲ್ಲ. ಹಾಗಾಗಿ ಖಾಸಗಿ ಗೈಡ್ ಹಿಡಿಯುವುದಾದರೆ ಮೊದಲೇ ಕೇಳಿ: ಯಾವುದಾದರೂ ಮನೆ ಒಳಗೆ ಹೋಗ್ತೀವಾ? ಗುಂಪಲ್ಲಿ ಎಷ್ಟು ಜನ? ಅಂಗಡಿಗೆ ಕರ್ಕೊಂಡು ಹೋಗಬೇಡಿ ಅಂತಲೂ ಹೇಳಿಬಿಡಿ.

ಜಾಮಾ ಮಸೀದಿ 1424ರದ್ದು, ಒಳಗೆ 260 ಕಂಬ. 1819ರ ಕಛ್ ಭೂಕಂಪದಲ್ಲಿ ಮಿನಾರ್‌ಗಳ ಮೇಲಿನ ಭಾಗ ಬಿದ್ದುಹೋಯಿತು, ಬುಡ ಈಗಲೂ ಕಾಣುತ್ತೆ. ಅಂಗಳ ದೊಡ್ಡದು, ಅಮ್ಮ ನೆರಳಲ್ಲಿ ಕೂತು ಸುಧಾರಿಸಿಕೊಳ್ಳಬಹುದು.

ಅಲ್ಲಿ ಆರು ವರ್ಷ ಇದ್ದವರು:
ಊಟದ ಬಗ್ಗೆ ನಾನು ಹೇಳ್ತೀನಿ. ಅಮ್ಮನಿಗಾಗಿ ಒಂದು ಮಾತು ನೆನಪಿಡಿ. 'ಜೈನ್' ಅಂತ ಹೇಳಿದ್ರೆ ಈರುಳ್ಳಿ ಬೆಳ್ಳುಳ್ಳಿ ಜೊತೆ ಆಲೂಗಡ್ಡೆ, ಗೆಡ್ಡೆ ಗೆಣಸೂ ಬಿಟ್ಟುಬಿಡ್ತಾರೆ. 'ಸ್ವಾಮಿನಾರಾಯಣ್' ಅನ್ನಿ. ಆಗ ಈರುಳ್ಳಿ ಬೆಳ್ಳುಳ್ಳಿ ಇರಲ್ಲ, ಆಲೂಗಡ್ಡೆ ಇರುತ್ತೆ. ಜನವರಿ ಅಂದ್ರೆ ಊಂಧಿಯು ಕಾಲ. ಅವರೆಕಾಯಿ ಥರದ ಪಾಪ್ಡಿ, ನೇರಳೆ ಗೆಡ್ಡೆ, ಬಾಳೆಹಣ್ಣು, ಮುಠಿಯಾ ಅನ್ನೋ ಮೆಂತ್ಯದ ಹಿಟ್ಟಿನುಂಡೆ ಎಲ್ಲ ಸೇರಿಸಿ ಮಾಡೋದು. ಹಿಂದೆ ಮಡಕೆಯನ್ನು ತಲೆಕೆಳಗಾಗಿ ಇಟ್ಟು ಬೇಯಿಸುತ್ತಿದ್ದರು, ಹೆಸರು ಬಂದದ್ದೇ ಅದರಿಂದ. ಆದರೆ ಚಳಿಗಾಲದಲ್ಲಿ ಹಸಿ ಬೆಳ್ಳುಳ್ಳಿ ಸೊಪ್ಪು ಹಾಕೋದು ಜಾಸ್ತಿ. ಅಮ್ಮ ಬಾಯಿಗಿಡುವ ಮೊದಲು ಕೇಳಿ.

ಬೆಳಿಗ್ಗೆ ಹೋಟೆಲಲ್ಲಿ ತಿಂದು ಹೊರಡಬೇಡಿ, ಹಸಿದೇ ಹೋಗಿ. ವಾಕ್ ಮುಗಿದ ಮೇಲೆ ಬಿಸಿ ಫಾಫ್ಡಾ ತಿನ್ನಿ. ಕಡಲೆಹಿಟ್ಟಿನ ಉಂಡೆಯನ್ನು ಮಣೆ ಮೇಲಿಟ್ಟು ಅಂಗೈ ಬುಡದಿಂದ ಒಂದೇ ಸಲಕ್ಕೆ ಉದ್ದಕ್ಕೆ ಎಳೀತಾರೆ. ಚಾಕುವಿನಿಂದ ಎಬ್ಬಿಸಿ ಎಣ್ಣೆಗೆ ಬಿಡ್ತಾರೆ. ಜೊತೆಗೆ ಪರಂಗಿಕಾಯಿ ತುರಿ, ಕರಿದ ಹಸಿಮೆಣಸು, ಜಲೇಬಿ. ಬಾಯಲ್ಲಿ ಖಾರ ಇರುವಾಗಲೇ ಜಲೇಬಿ ಕಡೀಬೇಕು. ಮಧ್ಯಾಹ್ನ ಥಾಳಿ. ದಾಲ್‌ಗೆ ಬೆಲ್ಲ ಹಾಕಿರ್ತಾರೆ, ಸಿಹಿ ಅಂತ ಗಾಬರಿ ಬೇಡ. ಮಾಣೆಕ್ ಚೌಕ್ ಹಗಲು ಚಿನ್ನ ಬೆಳ್ಳಿ ಪೇಟೆ, ರಾತ್ರಿ ತಿಂಡಿ ಬೀದಿ. ಅಲ್ಲಿನದು ಬೆಣ್ಣೆ, ಚೀಸ್ ತುಂಬಿದ ತಿಂಡಿ. ನಿಮಗೆ ಖುಷಿಯಾಗಬಹುದು, ಅಮ್ಮನಿಗೆ ಬೇಡ.

ಅಮ್ಮನನ್ನು ಕರ್ಕೊಂಡು ಹೋಗಿದ್ದವರು:
ಮಂಡಿ ನೋವು ಅಂದ್ರಲ್ಲ, ಮಧ್ಯಾಹ್ನ ಎರಡು ಗಂಟೆ ಮಲಗೋಕೆ ಬಿಡಿ. ಅಡಾಲಜ್ ಮೆಟ್ಟಿಲು ಬಾವಿ ಊರಿಂದ ಸುಮಾರು 18 ಕಿಲೋಮೀಟರ್, ಐದು ಅಂತಸ್ತು ಕೆಳಕ್ಕಿದೆ. ಇಳಿಯೋದು ಸುಲಭ, ಹತ್ತುವಾಗ ನಮ್ಮಮ್ಮ ಮೂರು ಕಡೆ ಕೂತರು. ಅದರ ಬದಲು ಸಂಜೆ ಆಟೋದಲ್ಲಿ ಸಿದಿ ಸೈಯದ್ ಮಸೀದಿಗೆ ಹೋಗಿ. 1573ರಲ್ಲಿ ಕಟ್ಟಿದ್ದು, ಚಿಕ್ಕದು. ಮರದ ಕೊಂಬೆಗಳು ಹೆಣೆದುಕೊಂಡ ಹಾಗೆ ಕಲ್ಲಲ್ಲೇ ಕೆತ್ತಿದ ಜಾಲಂಧ್ರ ಪಶ್ಚಿಮದ ಗೋಡೆಯಲ್ಲಿದೆ, ಜಾಲಿ ಅಂತಾರೆ. ಸಂಜೆ ಬಿಸಿಲು ಅದರ ಸಂದುಗಳಲ್ಲಿ ತೂರಿ ಬರುತ್ತೆ. ನಮ್ಮಮ್ಮ ಅದನ್ನು ನೋಡುತ್ತಾ ನಿಂತವರು ಮಂಡಿ ನೋವಿನ ಮಾತೇ ಎತ್ತಲಿಲ್ಲ. ಐದು ಗಂಟೆ ಒಳಗೆ ಅಲ್ಲಿರಿ, ಜನವರಿಯಲ್ಲಿ ಬಿಸಿಲು ಬೇಗ ಇಳಿಯುತ್ತೆ.